ವೈವಾದಲ್ಲಿ ಏನು ಹೇಳಲಿ?

ಪ್ರಶ್ನೆ: ಎಂ.ಎ. ಕಿರುಪ್ರಬಂಧ ಒಪ್ಪಿಸಿದ್ದೇನೆ. ಇಷ್ಟು ದಿನ ಬರೆದು ಕಲಿತದ್ದೇನು ಎಂದು ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ.

ಉತ್ತರ: ಬೈಂಡಿಂಗ್ ಆಗಿ ಬಂದ ಪ್ರತಿಯನ್ನು ಪಕ್ಕಕ್ಕಿಟ್ಟು ಮೊದಲ ಕರಡು ತೆಗೆಯಿರಿ. ಕಲಿತದ್ದೆಲ್ಲ ಅಲ್ಲಿ ಹೊಡೆದುಹಾಕಿದ ಸಾಲುಗಳಲ್ಲಿದೆ. ಕರ್ನಾಟಕದ ಜನಪದ ಹಾಡುಗಳೆಂದು ಹೊರಟದ್ದು ಕೊನೆಗೆ ಒಂದೇ ತಾಲ್ಲೂಕಿನ ಬೀಸುವ ಹಾಡುಗಳಿಗೆ ಇಳಿಯಿತು ಎಂದು ಪತ್ರದಲ್ಲಿ ಬೇಸರಪಟ್ಟಿದ್ದೀರಿ. ಬೇಸರವೇಕೆ? ವಿಷಯ ಕಿರಿದಾದ್ದರಿಂದಲೇ ಹಾಡಿದವರ ಊರು, ವಯಸ್ಸು, ಯಾರಿಂದ ಕಲಿತರೆಂಬುದನ್ನೆಲ್ಲ ಕೂತು ಕೇಳಲು ಸಾಧ್ಯವಾಯಿತು. ವೈವಾದಲ್ಲಿ ಇದನ್ನೇ ಹೇಳಿ. ಸಂಶೋಧನೆ ತಾಳ್ಮೆ ಕಲಿಸಿತು ಎನ್ನಬೇಡಿ; ಪರೀಕ್ಷಕರಿಗೆ ಅದನ್ನು ಕೇಳಿ ಕೇಳಿ ಸಾಕಾಗಿದೆ.

ಅಡಿಟಿಪ್ಪಣಿಗಳನ್ನು ಕೊನೆಯ ವಾರಕ್ಕೆ ಬಿಟ್ಟು ಪಟ್ಟ ಪಾಡನ್ನೂ ಮರೆಯಬೇಡಿ. ಪಿಎಚ್.ಡಿ. ಯೋಚನೆಯಿದ್ದರೆ ಓದಿದ ದಿನವೇ ಪುಟಸಂಖ್ಯೆ ಬರೆದಿಡಿ. ಮೂಲ ನಮೂದಿಸದ ಸಾಲು ಕೃತಿಚೌರ್ಯವೆನಿಸೀತು; ಯುಜಿಸಿಯ 2018ರ ಕೃತಿಚೌರ್ಯ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ಮಾತ್ರ ದಂಡವಿಲ್ಲ. ಮೇಲಾಗಿ, ಮಹಾಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ನಿಮ್ಮದು ಏರಿದ ಮೇಲೆ ಯಾರು ಬೇಕಾದರೂ ತೆರೆದು ನೋಡಬಹುದು.

ಇನ್ನೊಂದು ಕೆಲಸ ಬಾಕಿಯಿದೆ. ಹಾಡಿದ ಅಜ್ಜಿಯರ ಮನೆಗೆ ಪ್ರತಿ ಒಯ್ದು, ಅವರ ಹಾಡಿರುವ ಪುಟಗಳನ್ನು ಓದಿ ಹೇಳಿ. ವೈವಾಕ್ಕೆ ಮುಂಚೆಯೇ ಹೋಗಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.