ನೀರು ಎಲ್ಲಿ ಹೋಯಿತು ಅಂತ ಕೇಳು

ತಮ್ಮಾ, ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೀಯ, ಸಂತೋಷ. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೀಯಂತೆ. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕಿನ ಮೇಲೆ ಗಮನವಿರಲಿ. ವಾಪಸು ಕೊಟ್ಟಿಗೆಹಾರಕ್ಕೆ ಹತ್ತುವಾಗ ಟೆಂಪರೇಚರ್ ಮುಳ್ಳಿನ ಮೇಲೆ ಒಂದು ಕಣ್ಣಿರಲಿ.

ಮುಳ್ಳು ಮೇಲೇರತೊಡಗಿದರೆ ‘ಇನ್ನು ನಾಲ್ಕು ತಿರುವು ತಾನೇ’ ಅನ್ನಬೇಡ. ಎಸಿ ಆರಿಸಿ ಹೀಟರ್ ಪೂರ್ತಿ ಹಾಕು. ಸೆಕೆ ಅಂತ ಮಕ್ಕಳು ಗೊಣಗಲಿ, ಎಂಜಿನ್ನಿನ ಶಾಖ ಅಷ್ಟಾದರೂ ಹೊರಗೆ ಹೋಗುತ್ತದೆ. ಜಾಗ ಸಿಕ್ಕ ಕೂಡಲೇ ಬದಿಗೆ ಹಾಕು. ಮುಳ್ಳು ಕೆಂಪಿಗೆ ಬಂದಿದ್ದರೆ ಎಂಜಿನ್ ಆಫ್ ಮಾಡು. ಈಗಿನ ಎಂಜಿನ್‌ಗಳ ಹೆಡ್ ಸಾಮಾನ್ಯವಾಗಿ ಅಲ್ಯೂಮಿನಿಯಂನದು; ಕಾದು ಸೊಟ್ಟಗಾದರೆ ಗ್ಯಾಸ್ಕೆಟ್ ಹೋಗಿ ಸಾವಿರಗಟ್ಟಲೆ ಖರ್ಚು. ಏರಿದ ಮುಳ್ಳು ತಟಕ್ಕನೆ ಇಳಿಯಿತು ಅಂತ ಹಿಗ್ಗಲೂ ಬೇಡ. ನೀರೆಲ್ಲ ಖಾಲಿಯಾದರೆ ಸೆನ್ಸರಿಗೆ ನಿಜವಾದ ಬಿಸಿ ಗೊತ್ತಾಗದೆಯೂ ಹೋಗಬಹುದು.

ರೇಡಿಯೇಟರ್ ಕ್ಯಾಪ್ ಮುಟ್ಟಬೇಡ. ಒಳಗಿನ ಒತ್ತಡದಿಂದಾಗಿ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಕ್ಯಾಪ್ ತೆಗೆದ ಕ್ಷಣ ಕುದಿದು ಮುಖಕ್ಕೇ ಚಿಮ್ಮುತ್ತದೆ. ನನ್ನ ಬಲಗೈ ಕಲೆ ನೋಡಿದ್ದೀಯಲ್ಲ, ಅಂಬಾಸಿಡರ್ ಕಾಲದ ನನ್ನ ಅವಸರದ ಗುರುತು ಅದು. ಮುಕ್ಕಾಲು ಗಂಟೆಯಾದರೂ ಕಾಯಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಫ್ಯಾನಿನ ಹತ್ತಿರವೂ ಕೈ ಒಯ್ಯಬೇಡ, ಎಂಜಿನ್ ನಿಂತ ಮೇಲೂ ಅದು ತಾನಾಗಿ ತಿರುಗೀತು.

ಹೇಗೋ ನೀರು ತುಂಬಿಸಿ ಮನೆ ಸೇರಿದೆ ಅಂದುಕೋ. ಅಲ್ಲಿಗೆ ಮುಗಿಯಲಿಲ್ಲ. ಕೂಲೆಂಟ್ ಓಡಾಡುವುದು ಮುಚ್ಚಿದ ದಾರಿಯಲ್ಲಿ. ಪದೇ ಪದೇ ತುಂಬಿಸಬೇಕಾದರೆ ಎಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ. ಹೋಸಿನ ಕ್ಲಿಪ್, ವಾಟರ್ ಪಂಪ್, ರೇಡಿಯೇಟರಿನ ಅಡಿ ನೋಡು. ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಸೋರುತ್ತಿದೆ. ಎಲ್ಲೂ ಸೋರದೆ ಕಡಿಮೆಯಾಗುತ್ತಾ, ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ ಬರುತ್ತಾ, ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಗಾಡಿ ಓಡಿಸಬೇಡ, ಎಳೆಸಿಕೊಂಡು ಹೋಗು.

ನೀರು ಸರಿಯಿದ್ದೂ ಬಿಸಿಯಾಗುತ್ತಿದ್ದರೆ ಯಾವಾಗ ಅಂತ ಗಮನಿಸು. ಟ್ರಾಫಿಕ್ಕಿನಲ್ಲಿ ಬಿಸಿ, ಹೈವೇಯಲ್ಲಿ ತಣ್ಣಗಾದರೆ ಫ್ಯಾನ್, ಅದರ ಫ್ಯೂಸ್, ರಿಲೇ ನೋಡಿಸು. ಹೈವೇಯಲ್ಲಿ, ಏರಿನಲ್ಲೇ ಬಿಸಿಯಾದರೆ ರೇಡಿಯೇಟರ್ ಕಟ್ಟಿರಬಹುದು, ಇಲ್ಲವೇ ಥರ್ಮೋಸ್ಟಾಟ್ ಸರಿಯಾಗಿ ತೆರೆಯುತ್ತಿಲ್ಲ. ‘ಅದನ್ನ ಕಿತ್ತು ಬಿಸಾಕೋಣ ಸಾರ್’ ಅನ್ನುವ ಮೆಕ್ಯಾನಿಕ್ ಮಾತಿಗೆ ತಲೆಯಾಡಿಸಬೇಡ. ಎಂಜಿನ್ನಿಗೆ ಬೇಕಾದಷ್ಟು ಬಿಸಿಯೂ ಸಿಗದೆ ಮೈಲೇಜ್ ಬೀಳುತ್ತದೆ. ಹೊಸದನ್ನೇ ಹಾಕಿಸು.

ಬೋರ್‌ವೆಲ್ ನೀರು ಆಪತ್ತಿಗೆ ಮಾತ್ರ. ಸ್ನಾನದ ಹಂಡೆಯೊಳಗೆ ಕಟ್ಟುವ ಬಿಳಿ ಉಪ್ಪೇ ರೇಡಿಯೇಟರಿನಲ್ಲೂ ಕಟ್ಟುತ್ತದೆ. ಊರಿಗೆ ಬಂದ ಮೇಲೆ ಆ ನೀರನ್ನು ತೆಗೆಸಿ, ಗಾಡಿಯ ಪುಸ್ತಕದಲ್ಲಿ ಹೇಳಿರುವ ಕೂಲೆಂಟನ್ನೇ ಹಾಕಿಸು.

ಇಷ್ಟು ಹೇಳಿದ್ದರಲ್ಲಿ ಒಂದೇ ಒಂದು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೋ: ವಾರಕ್ಕೊಮ್ಮೆ ಬೆಳಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಬಾನೆಟ್ ಎತ್ತಿ ರಿಸರ್ವ್ ಟ್ಯಾಂಕ್ ನೋಡು. ಕೂಲೆಂಟ್ ಎರಡು ಗೆರೆಗಳ ನಡುವೆ ಇದ್ದರೆ ಹೊರಡು. ಕೆಳಗಿನ ಗೆರೆಗಿಂತ ಇಳಿದಿದ್ದರೆ ಆ ದಿನ ಘಾಟಿಗೆ ಹೋಗಬೇಡ, ಗ್ಯಾರೇಜಿಗೆ ಹೋಗು.