ಸೈನೈಡ್ ದಿಬ್ಬದ ಪಕ್ಕ ಹೊಂಗೆ, ಪೈಪಿಗೆ ಅಯಸ್ಕಾಂತ

ಕೆಜಿಎಫ್‌ನ ಸೈನೈಡ್ ದಿಬ್ಬದ, ಅಂದರೆ ಚಿನ್ನದ ಗಣಿಯ ತ್ಯಾಜ್ಯದ ರಾಶಿಯ ಪಕ್ಕ ಹೊಂಗೆ ಸಸಿ ನೆಡಲು ಹೊರಟಿದ್ದೀರಿ, ಸಂತೋಷ. ಆದರೆ ಸಸಿಗೆ ಹಾಯಿಸುವ ನೀರಿಗೆಂದು ಪೈಪಿಗೆ ಕಟ್ಟುವ ಅಯಸ್ಕಾಂತದ ಸಾಧನವನ್ನು ಈಗಲೇ ಕೊಳ್ಳಬೇಡಿ. ಚೀನಾದಲ್ಲಿ ಕ್ಯಾಡ್ಮಿಯಂ ವಿಷಕ್ಕೆ ಒಡ್ಡಿದ ಪಾಪ್ಲರ್ ಸಸಿಗಳು ಅಯಸ್ಕಾಂತದ ಮೂಲಕ ಹಾಯಿಸಿದ ನೀರಿನಲ್ಲಿ ಚೆನ್ನಾಗಿ ಬೆಳೆದದ್ದು ನಿಜ. ಆದರೂ ಆ ನೀರು ಮಣ್ಣಿನ ಸೀಸ, ಆರ್ಸೆನಿಕ್ಕನ್ನು ಮಾಯ ಮಾಡುವುದಿಲ್ಲ. ಅದು ಹೇಗೆ ಫಲಿಸುತ್ತದೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಮಾರುವವರಿಗೆ ಮಾತ್ರ ಎಲ್ಲ ಗೊತ್ತು!

ಮೊದಲು ಮಣ್ಣಿನ ರಸಸಾರ, ಲೋಹ ಎರಡನ್ನೂ ಪರೀಕ್ಷೆ ಮಾಡಿಸಿ. ಹುಳಿ ಮಣ್ಣಾದರೆ ಸುಣ್ಣ ಹಾಕಿ. ಆಗ ಸೀಸ, ಕ್ಯಾಡ್ಮಿಯಂ ಬೇರಿಗೆ ಸಿಗುವುದು ತಗ್ಗುತ್ತದೆ. ಆರ್ಸೆನಿಕ್ಕಿಗೆ ಈ ಉಪಾಯ ನಡೆಯದು. ಗುಂಡಿಗೆ ಹೊರಗಿನ ಒಳ್ಳೆಯ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ. ಕುತೂಹಲ ತಡೆಯದಿದ್ದರೆ ಹತ್ತು ಸಸಿಗೆ ಅಯಸ್ಕಾಂತದ ನೀರು, ಹತ್ತಕ್ಕೆ ಮಾಮೂಲಿ ನೀರು ಕೊಟ್ಟು ಹೋಲಿಸಿ. ಸೊಪ್ಪಿಗೆ ಲೋಹ ಸೇರಿರಬಹುದು; ಅದನ್ನಂತೂ ಮೇಕೆಗೆ ಹಾಕಬೇಡಿ.