ಆ ಮನೆಯ ಅಕ್ಕನ ಮಾತನ್ನೂ ಕೇಳು

ತಮ್ಮಾ, ಶಾಸಕನಾಗಿ ನೀನು ದಣಿದಿರುವುದು ಮುಖದಲ್ಲೇ ಕಾಣುತ್ತಿದೆ. ಬೆಳಕು ಹರಿಯುವ ಮೊದಲೇ ಬಾಗಿಲಲ್ಲಿ ಜನ: ವರ್ಗಾವಣೆ, ಆಸ್ಪತ್ರೆ ಬಿಲ್ಲು, ಬತ್ತಿದ ಬೋರ್‌ವೆಲ್ಲು. ಆಮೇಲೆ ತೆರಕಣಾಂಬಿಯಲ್ಲಿ ಮದುವೆ, ಬೇಗೂರಿನಲ್ಲಿ ತಿಥಿ, ರಾತ್ರಿ ಬೆಂಗಳೂರಿನ ದಾರಿ. ಇದರ ನಡುವೆ ಜೊತೆ ಶಾಸಕರೊಬ್ಬರ ಮನೆಗೆ ಹೋದಾಗ ಅವರ ಹೆಂಡತಿ, ನೀನು ಅಕ್ಕ ಎನ್ನುವವರು, ‘ಮೊದಲು ಊಟ ಮಾಡಪ್ಪ’ ಎಂದರೆ ಜೀವ ತಂಪಾಗುತ್ತದೆ. ಆ ಸ್ನೇಹಕ್ಕೆ ಸಂಕೋಚಪಡಬೇಡ. ಆದರೆ ನಿನ್ನ ಗೋಳಷ್ಟೇ ಹೇಳಿಕೊಂಡು ಎದ್ದು ಬರಬೇಡ.

ಗಂಡ ಅಧಿವೇಶನದಲ್ಲಿದ್ದಾಗ ಬಾಗಿಲಿಗೆ ಬಂದವರನ್ನು ಕೂರಿಸಿ ಮಾತಾಡಿಸುವವರು ಅವರೇ. ಯಾರು ನಿಜಕ್ಕೂ ಕಷ್ಟದಲ್ಲಿದ್ದಾರೆ, ಯಾರು ಬರೀ ಹೊಗಳುತ್ತಾರೆ ಎಂಬುದು ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು. ‘ನೀವೇನಂತೀರಿ ಅಕ್ಕ?’ ಎಂದು ಕೇಳು. ‘ನೀವು ಹೇಗಿದ್ದೀರಿ?’ ಎಂದೂ ಕೇಳು.

ರಾಜಕಾರಣದಲ್ಲಿ ಹೆಣ್ಣಿನ ಮಾತಿಗಿರುವ ತೂಕವನ್ನು ನಮ್ಮ ಗುಂಡ್ಲುಪೇಟೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆ.ಎಸ್. ನಾಗರತ್ನಮ್ಮನವರು ಇದೇ ಕ್ಷೇತ್ರದಿಂದ ಮತ್ತೆ ಮತ್ತೆ ಗೆದ್ದು, 1972ರಲ್ಲಿ ನಮ್ಮ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದವರು. ಮುಂದೆ 1994ರಿಂದ ಸತತ ಐದು ಬಾರಿ ಗೆದ್ದ ಎಚ್.ಎಸ್. ಮಹದೇವಪ್ರಸಾದ್, ಮಂತ್ರಿಯಾಗಿದ್ದಾಗಲೇ 2017ರ ಜನವರಿ 3ರಂದು ಕೊಪ್ಪದಲ್ಲಿ ತೀರಿಕೊಂಡರು. ದುಃಖ ಆರುವ ಮೊದಲೇ, ಏಪ್ರಿಲ್‌ನ ಉಪಚುನಾವಣೆಗೆ ಅವರ ಪತ್ನಿ ಗೀತಾ ಮಹದೇವಪ್ರಸಾದ್ ನಿಂತು ಗೆದ್ದರು. ಸೆಪ್ಟೆಂಬರ್‌ನಲ್ಲಿ ಮಂತ್ರಿಯೂ ಆದರು. ಅನುಕಂಪದ ಗೆಲುವು ಎಂದವರಿದ್ದಾರೆ. ನಾನು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಮೂರೇ ತಿಂಗಳಲ್ಲಿ ಹಳ್ಳಿ ಹಳ್ಳಿ ಸುತ್ತಿ ಮತ ಕೇಳಲು ಅನುಕಂಪ ಸಾಲದು, ಗಟ್ಟಿ ಎದೆ ಬೇಕು. ಮರುವರ್ಷ 2018ರಲ್ಲಿ ಅವರು ಸೋತರು.

ಸೋಲಿನ ಮಾತು ಬಂತಲ್ಲ, ಇದನ್ನೂ ಕೇಳಿಸಿಕೋ. ಅಧಿಕಾರ ಹೋದ ಮನೆಯ ಮುಂದೆ ಕಾರುಗಳು ಕಡಿಮೆಯಾಗುತ್ತವೆ. ಸೋತವರಿಗೆ ಪಕ್ಷದ ಕೆಲಸವಾದರೂ ಇರುತ್ತದೆ. ಅವರ ಹೆಂಡತಿಯನ್ನು ವಿಚಾರಿಸುವವರು ಅಪರೂಪ. ಆಗ ನೀನು ಹೋಗಬೇಕು. ನಾಳೆ ಅವರ ಗಂಡ ಬೇರೆ ಪಕ್ಷಕ್ಕೆ ಹೋದರೂ ಹೋಗಬೇಕು. ಗಂಡನಿಂದ ಆಗದ ಶಿಫಾರಸನ್ನು ಅಕ್ಕನಿಂದ ಮಾಡಿಸಿಕೊಳ್ಳುವ ಆಸೆಯನ್ನು ಮಾತ್ರ ಯಾವತ್ತೂ ಇಟ್ಟುಕೊಳ್ಳಬೇಡ.

ನಮ್ಮದು ಚಿಕ್ಕ ಊರು. ಆಡಿಕೊಳ್ಳುವವರು ಇದ್ದೇ ಇರುತ್ತಾರೆ, ಅದರ ಪೆಟ್ಟು ನಿನಗಿಂತ ಆ ಅಕ್ಕನಿಗೇ ಹೆಚ್ಚು. ಅದಕ್ಕೆ ಹೆದರಿ ದೂರವಾಗಬೇಡ, ಕದ್ದುಮುಚ್ಚಿಯೂ ಹೋಗಬೇಡ. ಮುಂದಿನ ಸಲ ನಿನ್ನ ಹೆಂಡತಿಯನ್ನೂ ಕರೆದುಕೊಂಡು ಹೋಗು. ಅವಳಿಗೂ ಅಂಥ ಒಬ್ಬ ಅಕ್ಕ ಬೇಕಾಗಿದ್ದಾರೆ.